ಹುಲಿಗೆವ್ವ ಕಟ್ಟಿದ ತಂಪು

ಬಹಳ ಹಿಂದೆ, ಈಗ ಬಸ್ಸು ಓಡಾಡುವ ದಾರಿ ಇನ್ನೂ ಎತ್ತಿನ ಜಾಡಾಗಿದ್ದ ಕಾಲಕ್ಕೆ, ಎರೆಭೂಮಿಯ ನಡುವೆ ಕಲ್ಮರಡಿ ಅಂತ ಒಂದು ಊರು. ಅಲ್ಲಿನ ಬಿಸಿಲಿಗೆ ಕಾಗೆಯೂ ನೆರಳು ಬಿಟ್ಟು ಹಾರುತ್ತಿರಲಿಲ್ಲವಂತೆ. ಆ ಊರಲ್ಲಿ ಹುಲಿಗೆವ್ವ ಇದ್ದಳು. ಗಂಡ ತೀರಿದ ಮೇಲೆ ಮಣ್ಣು ಕಲಸಿ, ಗೋಡೆ ಏರಿಸಿ ಅತ್ತೆ ನಿಂಬೆವ್ವನನ್ನು ಸಾಕುತ್ತಿದ್ದಳು.

ಅವಳ ಗೋಡೆಯ ದಪ್ಪದಲ್ಲಿ ಒಂದು ಎತ್ತು ಅಡ್ಡ ನಿಲ್ಲಬಹುದಿತ್ತು ಅಂತಾರೆ. ಪಡುವಣಕ್ಕೆ ಕಿಟಕಿ ಇಡುತ್ತಿರಲಿಲ್ಲ. ಜಂತಿಯ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಕಾವು ಹೊರಗೆ ಹೋಗಲು ಮೇಲೊಂದು ಬೆಳಕಿಂಡಿ. ಹೊರಗೆ ಕಲ್ಲು ಸಿಡಿಯುವಾಗ ಒಳಗೆ ಬೆಳಿಗ್ಗೆ ಕಡೆದ ಮಜ್ಜಿಗೆ ಸಂಜೆಗೂ ಹುಳಿಯಾಗುತ್ತಿರಲಿಲ್ಲವಂತೆ. ಕಲ್ಲಿನ ಮನೆಯ ಗೌಡರೇ ಬೇಸಿಗೆಯಲ್ಲಿ ಅವಳ ಪಡಸಾಲೆಗೆ ಬಂದು ಕೂರುತ್ತಿದ್ದರು. ನಿಂಬೆವ್ವನಿಗೆ ಅದೇ ಜಂಬ.

ಒಂದು ವರ್ಷ ಬಿಸಿಲು ಕೆರಳಿತು. ಊರ ಹೊರಗಿನ ಕೇರಿಯ ಗುಡಿಸಲುಗಳಿಗೆ ಬೆಂಕಿ ಬಿತ್ತು. ಒಂದೂ ಉಳಿಯಲಿಲ್ಲ. ಕೇರಿಯ ಮಾರೆವ್ವ ತುಂಬು ಬಸುರಿ. ನಡುಮಧ್ಯಾಹ್ನ, ಕಾದ ಬಯಲಲ್ಲಿ ಅವಳಿಗೆ ಹೆರಿಗೆ ನೋವು ಬಂತು. ಕೇರಿಯವರು ಊರ ಮನೆ ಹೊಗುವಂತಿಲ್ಲ. ಅದು ಆಗಿನ ಕಟ್ಟು.

ಹುಲಿಗೆವ್ವನೂ ಅದೇ ಕಟ್ಟಿನಲ್ಲಿ ಬೆಳೆದವಳು. ಹೊಸ್ತಿಲಲ್ಲಿ ನಿಂತು ನೋಡಿದಳು. ಬೆನ್ನಿಗೆ ತಂಪು, ಮುಖಕ್ಕೆ ಉರಿ. ಆ ತಂಪಿಗೇ ಅವಳಿಗೆ ನಾಚಿಕೆಯಾಯಿತಂತೆ. ಬಯಲಿಗೆ ಓಡಿದವಳೇ ಮಾರೆವ್ವನನ್ನು ಎತ್ತಿಕೊಂಡು ಬಂದಳು.

ಅತ್ತೆ ಅಡ್ಡ ನಿಂತಳು. "ಊರು ಏನಂದೀತು, ಹುಲಿಗಿ?"

"ಅನ್ಲಿ ಬಿಡ್ರಿ ಅತ್ತಿ. ಅಂದವರು ಅಂದು ನೆರಳಿಗೆ ಹೋಗ್ತಾರ. ಇಕಿ ಎಲ್ಲಿಗೆ ಹೋಗ್ಬೇಕು?"

ಮಾರೆವ್ವ ಚೀರಿದಳು. ಮುದುಕಿ ಸರಿದಳು. ಸರಿದವಳು ಸುಮ್ಮನಿರದೆ ಒಲೆ ಹಚ್ಚಿ ನೀರು ಕಾಯಿಸಿದಳು ಅಂತಾರೆ. ಹೊತ್ತು ಇಳಿಯುವಾಗ ಹೆಣ್ಣು ಕೂಸು ಅತ್ತಿತು.

ಊರು ಸಿಟ್ಟಾಯಿತು. ಹುಲಿಗೆವ್ವನಿಂದ ಯಾರೂ ಗೋಡೆ ಕಟ್ಟಿಸಬಾರದು, ಊರ ಬಾವಿಯ ನೀರೂ ಅವಳಿಗಿಲ್ಲ ಅಂತ ಗೌಡರು ಕಟ್ಟಪ್ಪಣೆ ಮಾಡಿದರು.

"ಚಲೋ ಆತು, ಕೈಗೆ ಬಿಡುವು ಸಿಕ್ತು," ಅಂದಳಂತೆ ಹುಲಿಗೆವ್ವ. ಸಲಿಕೆ ಹೆಗಲಿಗೇರಿಸಿ, ಅತ್ತೆಯ ಕೈ ಹಿಡಿದು ಕೇರಿಗೇ ಹೊರಟುಹೋದಳು. ಕೇರಿಗೆ ಕೇರಿಯೇ ಮಣ್ಣು ತುಳಿಯಿತು, ಇವಳು ಗೋಡೆ ಏರಿಸಿದಳು. ಒಂದು ಮನೆಯ ನೆರಳು ಇನ್ನೊಂದರ ಗೋಡೆಗೆ ಬೀಳುವಂತೆ ಒತ್ತೊತ್ತಾಗಿ ಕಟ್ಟಿದಳು. ಆ ಓಣಿ ಹೊಕ್ಕ ಬಿಸಿಗಾಳಿ ತಣ್ಣಗಾಗಿ ಹೊರಗೆ ಬರುತ್ತಿತ್ತು ಅಂತಾರೆ.

ಕೆಲವು ಬೇಸಿಗೆ ಕಳೆದವು. ಗೌಡರ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಕಲ್ಲಿನ ಮನೆ ಕಾದ ಹಂಚಿನಂತಾಗಿ ಕೂಸು ಹಾಲು ಬಿಟ್ಟು ಬಾಡಿತು. ಹುಡುಗಿ ಯಾರನ್ನೂ ಕೇಳಲಿಲ್ಲ. ಕೂಸಿಗೆ ಸೆರಗು ಹೊದಿಸಿ ಕೇರಿಗೆ ನಡೆದೇಬಿಟ್ಟಳು. ಮಾರೆವ್ವ ಕೂಸನ್ನು ಇಸಿದುಕೊಂಡು ಗೋಡೆಯ ಬದಿಗೆ ಮಲಗಿಸಿದಳು. ಸ್ವಲ್ಪ ಹೊತ್ತಿಗೆ ಅದು ಹಾಲು ಕುಡಿಯಿತು.

ಮಗಳ ಬೆನ್ನು ಹತ್ತಿ ಬಂದ ಗೌಡರು ಹೊರಗೇ ನಿಂತಿದ್ದರು.

"ಒಳಗ ಬರ್ರಿ ಗೌಡ್ರ, ತಲಿ ಸುಡ್ತದ," ಅಂದಳು ಹುಲಿಗೆವ್ವ.

ಆ ಮನೆಗಳ ಬಾಗಿಲು ಗಿಡ್ಡ. ಗೌಡರು ರುಮಾಲು ತೆಗೆದು, ತಲೆ ಬಗ್ಗಿಸಿ ಒಳಗೆ ಬಂದರು.

ಹುಲಿಗೆವ್ವ ಯಾವಾಗ ತೀರಿದಳೋ ಹೇಳುವವರಿಲ್ಲ. ಆದರೆ ಇವತ್ತಿಗೂ ಕಲ್ಮರಡಿಯಲ್ಲಿ ಯುಗಾದಿಯಿಂದ ಮೊದಲ ಮಳೆಯವರೆಗೆ ಮಧ್ಯಾಹ್ನ ಯಾವ ಮನೆಯವರೂ ಅಗಳಿ ಹಾಕುವುದಿಲ್ಲ. ದಾರಿಹೋಕರು ಸೀದಾ ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಮಲಗಬಹುದು. ಎದ್ದ ಮೇಲೆ ನೀರು ಕೊಡುತ್ತಾರೆ. ಯಾರ ಪೈಕಿ ಅಂತ ಮಾತ್ರ ಕೇಳುವುದಿಲ್ಲ.