ಕೆಸರಿಲ್ಲದ ಓಣಿ

ಮಳೆಗಾಲದಲ್ಲಿ ಕಲ್ಮುಗಳಿ ಎಂಬ ಹಳ್ಳಿಗೆ ಹೋದವರು ಊರೆಲ್ಲ ಎರೆಮಣ್ಣಿನ ಕೆಸರಿನಿಂದ ಕಾಲು ಕಿತ್ತುಕೊಳ್ಳುತ್ತ ನಡೆಯಬೇಕು. ಪಡುವಣ ಮಗ್ಗುಲಿನ ಒಂದು ಓಣಿಯನ್ನು ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿಯದೆ ದಾಟಬಹುದು. ಕೆಸರಿಲ್ಲದ ಓಣಿ ಎಂದೇ ಅದರ ಹೆಸರು. ಆ ಹೆಸರು ಬಂದದ್ದು ಒಂದು ನಿಂಬೆ ಗಿಡದ ದೆಸೆಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಓಣಿಯ ಮುದಕಪ್ಪನ ಮನೆಗೆ ಸೊಸೆಯಾಗಿ ಬಂದ ಪಾರವ್ವ ತವರಿನಿಂದ ನಿಂಬೆ ಸಸಿ ತಂದು ಹಿತ್ತಲಲ್ಲಿ ನೆಟ್ಟಳು. ಊರಿಗಿದ್ದದ್ದು ಒಂದೇ ಸಿಹಿನೀರಿನ ಬಾವಿ; ಆ ನೀರು ಜನಕ್ಕೆ, ದನಕ್ಕೆ ಮಾತ್ರ. ಮುಸುರೆ ತೊಳೆದ ನೀರು ಹಾಕಿ ಅವಳು ಸಸಿಯ ಜೀವ ಹಿಡಿದಿದ್ದಳು. ಮಳೆ ಬಂದಾಗ ಮನೆಯ ಮಣ್ಣಿನ ಮಾಳಿಗೆಯ ಮೇಲಿನ ನೀರೆಲ್ಲ ಬೀದಿಗೆ ಬಿದ್ದು ಕೆಸರಾಗುವುದನ್ನು ಕಂಡು ಅವಳ ಹೊಟ್ಟೆ ಉರಿಯುತ್ತಿತ್ತು. ಅದನ್ನು ಹಿತ್ತಲಿಗೆ ತಿರುಗಿಸೋಣವೆಂದರೆ ಮಾವ ಒಪ್ಪಲಿಲ್ಲ. ಹಿತ್ತಲ ನೆಲದೊಳಗೆ ಹಗೇವು, ಅದರಲ್ಲಿ ವರ್ಷದ ಜೋಳ. “ಕಾಳಿಗೆ ನೀರು ಮುಟ್ಟಿತಂದ್ರ ಗಿಡ ಒಲಿಗೆ, ನೀ ತವರಿಗೆ” ಎಂದುಬಿಟ್ಟ.

ಬೇಸಿಗೆಯಲ್ಲಿ ಮಾಳಿಗೆಗೆ ನೀರು ಇಂಗಗೊಡದ ಹೊಸ ಕರಲು ಮಣ್ಣು ಬಡಿದು ಇಳಿಜಾರು ಮಾಡುವುದು ಹೆಂಗಸರ ಕೆಲಸ. ಗಂಡಸರು ಮಾಳಿಗೆ ಹತ್ತುತ್ತಿದ್ದದ್ದು ಮಲಗಲಿಕ್ಕೆ ಮಾತ್ರ. ಆ ವರ್ಷ ಪಾರವ್ವ ಬೀದಿಯ ಕಡೆ ಮಣ್ಣು ಏರಿಸಿ ಹಿತ್ತಲ ಕಡೆ ಇಳಿಸಿದಳು. ಸಸಿಯ ಸುತ್ತ ಅಗಲವಾದ ಮಡಿ ತೋಡಿದಳು.

ಮೊದಲ ದೊಡ್ಡ ಮಳೆಗೆ ಮಡಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ತುಂಬಿತು. ಒಂದು ಮಾಳಿಗೆಯಿಂದ ಇಷ್ಟು ನೀರು ಬರುತ್ತದೆಂದು ಅವಳು ಎಣಿಸಿರಲಿಲ್ಲ. ಹೊರಚೆಲ್ಲಿದ ನೀರು ಹಗೇವಿನ ಬಾಯಿಯತ್ತ ಹೊರಟಿತು. ಮುದಕಪ್ಪ ಓಡಿಬಂದು ಬೊಗಸೆಯಲ್ಲೇ ಮಣ್ಣು ಒಡ್ಡತೊಡಗಿದ. ಪಾರವ್ವ ಹಾರೆ ತಂದು ನೆರೆಯ ಕಾಶವ್ವನ ಹಿತ್ತಲಿಗೆ ಅಡ್ಡವಿದ್ದ ಗೋಡೆಯ ಬುಡದಲ್ಲಿ ಕಂಡಿ ಕೊರೆದಳು. ನೀರು ಅತ್ತ ನುಗ್ಗಿತು. ಕಾಶವ್ವ ಬೈದು ಮಾತು ಬಿಟ್ಟಳು. ಆಮೇಲೆ ಅವಳ ಒಣಗಿದ ನುಗ್ಗೆ ಚಿಗುರಿದ್ದೇ ತಡ, ಕಂಡಿ ಮುಚ್ಚಬೇಡವೆಂದು ತಾನೇ ಹೇಳಿಕಳಿಸಿದಳು. ಬರಬರುತ್ತ ಓಣಿಯ ಮಾಳಿಗೆಗಳ ಇಳಿಜಾರೆಲ್ಲ ಹಿತ್ತಲಿಗೆ ತಿರುಗಿ, ಬೀದಿಯಲ್ಲಿ ಕೆಸರೇ ಇಲ್ಲವಾಯಿತು.

ಹಗೇವಿನ ಜೋಳಕ್ಕೆ ನೀರು ಮುಟ್ಟಿರಲಿಲ್ಲ. ಆದರೂ ಸೊಸೆಯನ್ನು ತವರಿಗೆ ಕಳಿಸುತ್ತೇನೆಂದೋ ಇಲ್ಲವೆಂದೋ ಮುದಕಪ್ಪ ಹೇಳಲಿಲ್ಲ. ಯಾವತ್ತು ಹೊರಡು ಎನ್ನುತ್ತಾನೋ ಎಂಬ ಅಂಜಿಕೆಯಲ್ಲೇ ಅವಳು ವರ್ಷ ಕಳೆದಳು. ಮರುಬೇಸಿಗೆ ಮಾಳಿಗೆ ಹತ್ತಿ ನಿಂತು, ಇಳಿಜಾರು ಯಾವ ಕಡೆ ಮಾಡಲೆಂದು ಕೇಳಿದಳು. ಮಾವ ಕೆಳಗಿನಿಂದ ಮಣ್ಣಿನ ಬುಟ್ಟಿ ಎತ್ತಿಕೊಟ್ಟು, “ನಿನ್ನ ಗಿಡ ಎತ್ತಾಗೈತಿ, ಅತ್ತಾಗ ಮಾಡವ್ವ” ಎಂದ. ಪಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬುಟ್ಟಿ ಹಿಡಿದಳಂತೆ.

ಈಗ ಹಗೇವುಗಳಿಲ್ಲ, ಮಾಳಿಗೆಗಳಿಗೆ ಸಿಮೆಂಟು ಬಂದಿದೆ. ಹಿತ್ತಲ ಗೋಡೆಗಳ ಕಂಡಿಗಳು ಮಾತ್ರ ಹಾಗೆಯೇ ಇವೆ. ಮಾತು ಬಿಟ್ಟ ಅಣ್ಣತಮ್ಮಂದಿರು ನಡುವೆ ಹೊಸ ಗೋಡೆ ಎಬ್ಬಿಸಿದರೂ, ಬುಡದಲ್ಲಿ ನೀರಿಗೆ ಕಂಡಿ ಬಿಟ್ಟೇ ಕಲ್ಲಿಡುತ್ತಾರೆ.