ಮುಸುವನೂ ಸೋನಾಮುಖಿ ಎಲೆಯೂ

ಬೆಟ್ಟಕ್ಕೆ ಬರುವ ಪ್ರವಾಸಿಗರು ಎಸೆದ ಬನ್ನನ್ನೇ ತಿಂದುಕೊಂಡಿದ್ದ ಕರಿಮೋರೆ ಎಂಬ ಮುಸುವನಿಗೆ ಒಮ್ಮೆ ಮೂರು ದಿನ ಮಲ ಕಟ್ಟಿ ಹೊಟ್ಟೆ ಕಲ್ಲಾಯಿತು. ಮರ ಹತ್ತಲಾರದೆ ಅವನು ಮದ್ದು ಬಲ್ಲ ಆಮೆಯಜ್ಜಿಯ ಬಳಿ ಹೋದ. ಅಜ್ಜಿ ಎರಡು ಸೋನಾಮುಖಿ ಎಲೆ ಕೊಟ್ಟು, "ಇವತ್ತು ಮಾತ್ರ ತಿನ್ನು" ಎಂದಳು. ಬೆಳಗಾಗುವಷ್ಟರಲ್ಲಿ ಹೊಟ್ಟೆ ಹಗುರಾಯಿತು.

ಇಷ್ಟು ಒಳ್ಳೆಯ ಎಲೆಯನ್ನು ಒಂದೇ ದಿನ ಏಕೆ ತಿನ್ನಬೇಕೆಂದು ಕರಿಮೋರೆಗೆ ತಿಳಿಯಲಿಲ್ಲ. ಗಿಡವನ್ನೇ ಹುಡುಕಿಕೊಂಡು ದಿನವೂ ತಿಂದ. ತಿಂಗಳು ಕಳೆಯುವಷ್ಟರಲ್ಲಿ ಹಿಡಿಗಟ್ಟಲೆ ತಿಂದರೂ ಹೊಟ್ಟೆ ನುಲಿಯಿತೇ ಹೊರತು ಬೇರೇನೂ ಆಗಲಿಲ್ಲ.

"ಅಜ್ಜೀ, ಎಲೆ ಕೆಟ್ಟಿತೋ, ನಾನು ಕೆಟ್ಟೆನೋ?" ಎಂದು ಅವನು ಗೋಳಾಡಿದ.

"ಎಲೆ ಹೇಗಿತ್ತೋ ಹಾಗೇ ಇದೆ. ಕರುಳಿನ ಕೆಲಸವನ್ನು ದಿನವೂ ಅದೇ ಮಾಡಿದ್ದರಿಂದ ಕರುಳು ಸುಮ್ಮನೆ ಕೂತುಬಿಟ್ಟಿದೆ. ಎಲೆಯನ್ನೂ ಬಿಡು, ಬನ್ನನ್ನೂ ಬಿಡು. ಚಿಗುರು, ಅತ್ತಿಹಣ್ಣು ತಿನ್ನು, ನೀರು ಕುಡಿ, ಕೊಂಬೆಯಿಂದ ಕೊಂಬೆಗೆ ಜಿಗಿ."

ಕರಿಮೋರೆ ಅನುಮಾನದಿಂದಲೇ ಹಾಗೆ ಮಾಡಿದ. ಕೆಲವು ವಾರಗಳಲ್ಲಿ ಎಲ್ಲವೂ ಸರಾಗವಾಯಿತು. ಓಡಿಬಂದು, "ಅಜ್ಜೀ, ಈ ಹೊಸ ಮದ್ದಿನ ಹೆಸರೇನು? ಎಷ್ಟು ದಿನದ ಮೇಲೆ ನಿಲ್ಲಿಸಬೇಕು?" ಎಂದು ಕೇಳಿದ.

"ಇದಕ್ಕೆ ಊಟ ಅಂತಾರೆ, ಮಗಾ" ಎಂದಳು ಅಜ್ಜಿ.