ಬೆನ್ನು ತಿರುಗಿಸಿದ ಗಿಳಿಗಳು

“ನಾನು ಮಾಡಿದೆ ಎಂದು ಹೇಳಿಕೊಳ್ಳುವುದು ಅಹಂಕಾರವಲ್ಲವೆ, ಅವ್ವಾ?” ಎಂದು ಶಿಷ್ಯ ಕೇಳಿದ.

ಗುರುವಾದ ಮುದುಕಿ ಎಲೆಅಡಿಕೆ ಜಗಿಯುತ್ತ ಕತೆ ಹೇಳಿದರು.

ಒಂದೂರಿನಲ್ಲಿ ಗಂಡ ಸತ್ತ ಒಬ್ಬ ಹೆಂಗಸಿದ್ದಳು. ಬಣ್ಣದ ಕಾಗದ ಮಡಚಿ, ಕತ್ತರಿಸಿ, ಮದುವೆ ಮನೆಗೆ ತೋರಣ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮಡಚಿದ ಕಾಗದ ನೋಡಿದರೆ ಸಾಕು, ಬಿಚ್ಚಿದಾಗ ಏನು ಕಾಣುತ್ತದೆಂದು ಅವಳಿಗೆ ಗೊತ್ತು.

ಸಾಹುಕಾರನ ಮಗಳ ಮದುವೆ ಬಂತು. ತೋರಣ ಬೇಕು, ಆದರೆ ವಿಧವೆಯ ಕೈ ತಾಗಬಾರದು! ಸಾಹುಕಾರನ ಹೆಂಡತಿ ಅವಳನ್ನು ಹೊರಗಿನ ಜಗಲಿಯಲ್ಲಿ ಕೂರಿಸಿ, ಸೊಸೆಯ ಕೈಗೆ ಕತ್ತರಿ ಕೊಟ್ಟಳು. ವಿಧವೆ ಕೂತಲ್ಲಿಂದಲೇ ಹೇಗೆ ಮಡಚಬೇಕು, ಎಲ್ಲಿ ಕತ್ತರಿಸಬೇಕೆಂದು ಹೇಳಿದಳು, ಸೊಸೆ ಹಾಗೇ ಕತ್ತರಿಸಿದಳು. ಬಿಚ್ಚಿದರೆ ಕೊಕ್ಕಿಗೆ ಕೊಕ್ಕು ಕೊಟ್ಟ ಜೋಡಿ ಗಿಳಿಗಳು.

“ಎಲ್ಲ ನಮ್ಮ ಸೊಸೆಯ ಕೈಚಳಕ” ಎಂದು ಸಾಹುಕಾರನ ಹೆಂಡತಿ ಬೀಗರಿಗೆ ಹೇಳಿದಳು. ಹೇಳುವಾಗ ನಾಲಿಗೆ ತೊದಲಲೂ ಇಲ್ಲ, ನೋಡು.

ಬೀಗಿತ್ತಿ ಬಿಟ್ಟಾಳೆಯೆ? ನಮ್ಮ ಬಾಗಿಲಿಗೂ ಒಂದು ಮಾಡಿಕೊಡಲಿ, ನಮ್ಮೆದುರಿಗೇ, ಎಂದಳು.

ಸೊಸೆ ಕಾಗದ ಮಡಚಿದಳು. ಮಡಿಕೆಯ ಕಡೆಗೆ ಕೊಕ್ಕು ಬರಬೇಕಿತ್ತು. ಅವಳು ಬಾಲ ಇಟ್ಟಳು. ಮಡಚಿದ ಕಾಗದದಲ್ಲಿ ಕಾಣುವುದು ಒಂದೇ ಗಿಳಿ. ಅದು ಎತ್ತ ನೋಡಿದರೇನು ಎಂದುಕೊಂಡಿರಬೇಕು, ಪಾಪ. ಬಿಚ್ಚಿದರೆ ಎರಡು ಗಿಳಿಗಳೂ ಬೆನ್ನಿಗೆ ಬೆನ್ನು!

“ಇವು ಕೂಡಿ ಬಾಳುವ ಗಿಳಿಗಳೋ, ಜಗಳವಾಡಿ ತವರಿಗೆ ಹೊರಟವೋ?” ಎಂದಳು ಬೀಗಿತ್ತಿ. ಅಪಶಕುನವೆಂದು ಗಂಡಿನ ಕಡೆಯವರು ಚಾಪೆಯಿಂದ ಎದ್ದೇಬಿಟ್ಟರು. ಮದುವೆ ಮುರಿಯುವ ಹಾಗಾಯಿತು.

ಸಾಹುಕಾರನ ಹೆಂಡತಿ ಆ ಹೆಂಗಸಿನ ಗುಡಿಸಲಿಗೆ ಓಡಿದಳು. “ಬಾರೇ ತಾಯಿ, ಮಾನ ಉಳಿಸು.”

“ಬರುತ್ತೇನೆ, ಅಮ್ಮಾವ್ರೇ. ಜಗಲಿಗಲ್ಲ, ಚಪ್ಪರದೊಳಕ್ಕೆ. ಕತ್ತರಿ ನನ್ನ ಕೈಯಲ್ಲೇ ಇರಬೇಕು. ಮೊದಲಿನ ಗಿಳಿಗಳು ಯಾರವೆಂದು ನಿಮ್ಮ ಬಾಯಲ್ಲೇ ಬರಬೇಕು.”

ಬಂತು, ಬಾರದೆ ಏನು ಮಾಡೀತು? ಎಲ್ಲರ ಕಿವಿಗೂ ಬಿತ್ತು. ಆಮೇಲೆ ಆಕೆ ಚಪ್ಪರದ ನಡುವೆ ಕುಳಿತು ಕಾಗದ ಮಡಚಿದಳು. ಬೀಗಿತ್ತಿಯ ಮುಖ ನೋಡುತ್ತಲೇ ಕತ್ತರಿಸಿದಳು, ಕಾಗದ ನೋಡಲಿಲ್ಲ. ಬಿಚ್ಚಿದರೆ ಕೊಕ್ಕಿಗೆ ಕೊಕ್ಕು. ಬೀಗಿತ್ತಿ ತಾನೇ ಮುಂದೆ ಬಂದು, ಆ ಕೈಯಿಂದಲೇ ತೋರಣ ಇಸಕೊಂಡಳು.

ಶಿಷ್ಯ ತಲೆಯಾಡಿಸಿದ. “ಆದರೂ ಅಂಥ ಹೊತ್ತಿನಲ್ಲಿ ಷರತ್ತು ಹಾಕುವುದೇ, ಅವ್ವಾ? ಎಷ್ಟು ಗರ್ವ ಆ ಹೆಂಗಸಿಗೆ!”

ಗುರು ಅವನನ್ನು ನೋಡಿ ಹೇಳಿದರು: “ಕದ್ದವಳ ಗರ್ವ ನಿನ್ನ ಕಣ್ಣಿಗೆ ಬೀಳಲೇ ಇಲ್ಲ ಮಗಾ, ಮಾಡಿದವಳದು ಮಾತ್ರ ಬಿತ್ತು.”